ಬೂರಲ ಗಿಡ ಮತ್ತ ನಮ್ಮವ್ವನ ತಲಿದಿಂಬು

ಹೋದ ವರ್ಷ ಜೂನ್ ತಿಂಗಳಾಗ ನಮ್ಮ ಅಣ್ಣನ ಮಗಳು ಅಮೆರಿಕಾದ ಕೊಲೊರಾಡೊದಿಂದ ಒಂದು ವಿಡಿಯೋ ಕಳಿಸಿದ್ಲು. ಅವರ ಮನಿ ಮುಂದಿನ ರಸ್ತೆ ತುಂಬ ಹಿಂಜಿದ ಹತ್ತಿ ಹಂಗ ಬೆಳ್ಳಗ ಏನೋ ಹಾರಾಡಾಕತ್ತಿತ್ತು. ಕಾರಿನ ಮ್ಯಾಲ, ಗಟಾರದಾಗ, ಬಾಗಲ ಮೂಲ್ಯಾಗ, ಎಲ್ಲಾ ಕಡೆ ಅದ. "ಅತ್ತಿ, ನೋಡ್ರಿ, ಇಲ್ಲೆ ಬೂರಲ ಹತ್ತಿ ಹಾರಾಕತ್ತೈತಿ! ಆಯಿ ಮಾಡಿದ್ದ ತಲಿದಿಂಬು ಇನ್ನೂ ನಿಮ್ಮ ಮನ್ಯಾಗ ಅದಾವಲ್ಲಾ? ನಾ ಬಂದಾಗ ನನಗೊಂದು ಕೊಡ್ರಿ" ಅಂದ್ಲು.

ಅಕಿಗೆ ಆಯಿ ಅಂದ್ರ ನಮ್ಮವ್ವ. ನಾನು "ಹೂಂ, ನೋಡೋಣು" ಅಂತ ಅಂದು ಮಾತು ಬ್ಯಾರೆ ಕಡೆ ತಿರುಗಿಸಿದೆ. ಯಾಕಂದ್ರ ದಿಂಬೂ ಇರಲಿಲ್ಲ, ಗಿಡಾನೂ ಇರಲಿಲ್ಲ. ಎರಡೂ ಎಲ್ಲಿ ಹೋದ್ವು ಅನ್ನೋದು ಅಕಿಗೆ ಗೊತ್ತಿಲ್ಲ. ಅವತ್ತಿನಿಂದ ನನ್ನ ತಲ್ಯಾಗ ಈ ಗಿಡಾನ ಕುಂತು ಬಿಡ್ತು. ಓದಿದೆ, ಹಿರ್ಯಾರನ್ನ ಕೇಳಿದೆ, ಹೋಗಿ ನೋಡಿ ಬಂದೆ. ಅಕ್ಕಾರ, ತಂಗ್ಯಾರ, ಅದನ್ನೆಲ್ಲ ನಿಮಗ ಹೇಳಬೇಕಂತ ಇವತ್ತು ಬರಿಯಾಕ ಕುಂತೀನಿ.

ಮೊದಲಿಗೆ ಅಕಿ ಕಳಿಸಿದ ವಿಡಿಯೋ ಮಾತು ಮುಗಿಸಿಬಿಡತೀನಿ. ಅದು ಬೂರಲ ಅಲ್ಲ. ಅಲ್ಲಿಯವರು ಅದಕ್ಕ ಕಾಟನ್‌ವುಡ್ ಅಂತಾರ. ಹೊಳಿ ದಂಡಿ, ಹಳ್ಳದ ದಂಡಿಗೆ ಬೆಳಿಯೋ ಗಿಡ. ಅದರಾಗ ಗಂಡು ಗಿಡ ಬ್ಯಾರೆ, ಹೆಣ್ಣು ಗಿಡ ಬ್ಯಾರೆ. ಹೆಣ್ಣು ಗಿಡ ಮಾತ್ರ ಹತ್ತಿ ಹಾರಿಸತೈತಿ. ಹಿಂದಕ ಎತ್ತಿನ ಬಂಡಿ ಹೂಡಿಕೊಂಡು ಆ ಬಯಲುಸೀಮಿ ದಾಟಾವ್ರಿಗೆ ದೂರದಾಗ ಕಾಟನ್‌ವುಡ್ ಸಾಲು ಕಂಡ್ರ ಅಲ್ಲೆ ನೀರು ಐತಿ ಅಂತ ಅರ್ಥ. ಲಕೋಟಾ ಅನ್ನೋ ಅಲ್ಲಿನ ಮೂಲ ಜನ ತಮ್ಮ ಸೂರ್ಯನೃತ್ಯದ ನಡುಕಂಬಕ್ಕ ಇದನ್ನ ಆರಿಸಿ ತರತಾರ. ಕಾನ್ಸಾಸ್, ನೆಬ್ರಾಸ್ಕಾ, ವಯೋಮಿಂಗ್ ಈ ಮೂರೂ ರಾಜ್ಯಕ್ಕ ಅದು ರಾಜ್ಯದ ಗಿಡ. ಅಂದ್ರ ಅವರಿಗೆ ಅದು ನಮಗ ಬೂರಲ ಇದ್ದಂಗ. ಆದ್ರ ಕುಲ ಬ್ಯಾರೆ, ಗೋತ್ರ ಬ್ಯಾರೆ.

ನಮ್ಮ ಬೂರಲ ಯಾರ ಮನಿತನದ್ದು ಗೊತ್ತೇನು? ಬೆಂಡಿಕಾಯಿ, ದಾಸಾಳ, ಹೊಲದಾಗಿನ ಹತ್ತಿ, ಪುಂಡಿಪಲ್ಲೆ, ಇವೆಲ್ಲಾ ಒಂದ ಮನಿತನ. ಬೂರಲ ಅವುಗಳ ದೊಡ್ಡಣ್ಣ ಇದ್ದಂಗ. ದಾಸಾಳ ಹೂವಿನ ಐದು ಪಕಳಿ, ನಡುವಿನ ಕೇಸರ ನೆನಪಿಟ್ಟುಕೊಂಡು ಬೂರಲ ಹೂವು ನೋಡ್ರಿ, ನಿಮಗ ಗೊತ್ತಾಗತೈತಿ.

ನಮ್ಮ ತವರುಮನಿ ಕಲಘಟಗಿ ಕಡೆ. ಅಲ್ಲಿಂದ ಪಡವಲಕ್ಕ ಹೋದ್ರ ಕಾಡು ಶುರು, ಮೂಡಲಕ್ಕ ಬಂದ್ರ ಎರಿಹೊಲ. ಬೂರಲಕ್ಕ ಇಂಥ ಜಾಗಾನ ಬೇಕು. ಮಳಿ ಬರಬೇಕು, ಆಮ್ಯಾಲ ಒಂದಿಷ್ಟು ತಿಂಗಳು ಒಣಗಬೇಕು, ಮ್ಯಾಲ ಬಿಸಲು ಬೀಳಬೇಕು. ನೆರಳಿನಾಗ ಇದು ಬೆಳಿಯಂಗಿಲ್ಲ. ಹಿಮಾಲಯದ ಬುಡದಿಂದ ಕೇರಳದ ತನಕ, ಆ ಕಡೆ ಬರ್ಮಾ, ದಕ್ಷಿಣ ಚೀನಾ, ಆಸ್ಟ್ರೇಲಿಯಾದ ಉತ್ತರ ಭಾಗದ ತನಕ ಇದರ ಸಂಸಾರ ಹಬ್ಬೈತಿ. ಚೀನಾದ ಗ್ವಾಂಗ್‌ಝೌ ಅನ್ನೋ ದೊಡ್ಡ ಪಟ್ಟಣಕ್ಕ ಬೂರಲ ಹೂವ ಊರಿನ ಹೂವು.

ನಮ್ಮ ಹೊಲದ ಒಡ್ಡಿನ ಮ್ಯಾಲ ಒಂದು ಬೂರಲ ಇತ್ತು. ಸಾಮಾನ್ಯ ಬೂರಲ 20ರಿಂದ 25 ಮೀಟರ್ ಎತ್ತರ ಬೆಳಿತೈತಿ, ಜಾಗ ಚಲೋ ಸಿಕ್ಕರ 40 ಮೀಟರ್ ತನಕಾನೂ ಹೋಗತೈತಿ. ಎಳೀ ಗಿಡದ ಬೊಡ್ಡಿ ತುಂಬ ದಪ್ಪ ದಪ್ಪ ಮುಳ್ಳು. ಸಣ್ಣವರಿದ್ದಾಗ ಆ ಮುಳ್ಳು ಮುರದು, ತಳಾ ಕಲ್ಲಿಗೆ ತಿಕ್ಕಿ, ಉಗುಳು ಹಚ್ಚಿ ಹಣಿಗೆ ಅಂಟಿಸಿಕೊಂಡು ಆಡತಿದ್ವಿ. ಗಿಡಕ್ಕ ವಯಸ್ಸಾದಂಗ ಮುಳ್ಳು ಉದುರಿ ಬೊಡ್ಡಿ ನುಣ್ಣಗ ಆಗತೈತಿ, ಬುಡದಾಗ ಗೋಡಿ ಕಟ್ಟಿದಂಗ ಹಲಗಿ ಬೇರು ಬರತಾವ. ನಮ್ಮ ಗಿಡದ ಎರಡು ಹಲಗಿ ಬೇರಿನ ನಡುವ ಕುಂತು ನಮ್ಮವ್ವ ಬುತ್ತಿ ಬಿಚ್ಚತಿದ್ಲು. ನಾಕು ಮಂದಿ ಕೂಡುವಷ್ಟು ಜಾಗ ಅದು.

ಎಲಿ ಕೈ ಬೆರಳು ಬಿಡಿಸಿದಂಗ, ಒಂದ ತೊಟ್ಟಿಗೆ ಐದರಿಂದ ಏಳು. ಚಳಿಗಾಲ ಬಂದಂಗ ಎಲ್ಲಾ ಉದುರಿ ಬೋಳಾಗತೈತಿ. ಆಮ್ಯಾಲ ಮಾಘಮಾಸದ ಸುಮಾರಿಗೆ, ಒಂದೂ ಎಲಿ ಇಲ್ಲದ ಟೊಂಗಿ ತುಂಬ ಅಂಗೈ ಅಗಲದ ಕೆಂಪು ಹೂವು! ದಪ್ಪನ್ನ ಪಕಳಿ, ಒಳಗ ರಸ. ಕಾಗಿ, ಗೊರವಂಕ, ಅಳಿಲು ಹಗಲೆಲ್ಲಾ ಅಲ್ಲೇ. ರಾತ್ರಿ ಬಾವಲಿ. ಎತ್ತರದ ಟೊಂಗಿಗೆ ಹೆಜ್ಜೇನು ಬಂದು ಕಟ್ಟತಿದ್ವು. ಹೂವು ಟಪ್ ಅಂತ ಕೆಳಗ ಬಿದ್ರ ದನ ಬಂದು ತಿಂತಿದ್ವು. ಹೋಳಿಹುಣ್ಣಿಮಿ ಹೊತ್ತಿಗೆ ನೆಲ ಎಲ್ಲಾ ಕೆಂಪು. ಚೈತ್ರ–ವೈಶಾಖದಾಗ ಕಾಯಿ ಬಲಿತು ಕಂದು ಬಣ್ಣಕ್ಕ ತಿರುಗಿ, ಐದು ಸೀಳಾಗಿ ಒಡದು, ಒಳಗಿನ ಅರಳಿ ಕರೀ ಬೀಜ ಹೊತ್ತುಕೊಂಡು ಗಾಳಿಗೆ ಹೊಂಟುಬಿಡತಿತ್ತು. ಹಂಗ ಹೋದ ಬೀಜ ಎಲ್ಲಿ ಬೀಳತಾವೋ ಅಲ್ಲೆ ಮಳಿಗೆ ಮೊಳಕಿ.

ಇಲ್ಲೊಂದು ವಿಚಾರ ನನಗ ಈಗ ಓದಿದಾಗ ಗೊತ್ತಾತು. ಹೊಲದ ಹತ್ತಿಯ ಎಳಿ ಬೀಜದ ಮೈಮ್ಯಾಲಿಂದ ಹುಟ್ಟತೈತಿ. ಅದಕ್ಕ ಹತ್ತಿ ಬಿಡಿಸಾಕ ಗಾಣ, ಜಿನ್ನು ಎಲ್ಲಾ ಬೇಕು. ಬೂರಲದ ಎಳಿ ಹಂಗಲ್ಲ, ಕಾಯಿ ಸಿಪ್ಪಿಯ ಒಳಗೋಡಿಯಿಂದ ಹುಟ್ಟತೈತಿ. ಬೀಜ ಅದರಾಗ ಸುಮ್ಮನ ಹೂತುಕೊಂಡು ಇರತೈತಿ, ಝಾಡಿಸಿದ್ರ ಬಿದ್ದು ಹೋಗತೈತಿ. ಇನ್ನೊಂದು, ಹತ್ತಿ ಎಳಿ ತಿರುಚಿಕೊಂಡಿರತೈತಿ, ಅದಕ್ಕ ಒಂದಕ್ಕೊಂದು ಹಿಡಕೊಂಡು ನೂಲಾಗತೈತಿ. ಬೂರಲದ ಎಳಿ ಗಿಡ್ಡ, ನುಣ್ಣಗ, ಮ್ಯಾಲ ಮೇಣದಂಥ ಲೇಪ, ಒಳಗ ಟೊಳ್ಳು. ನೂಲಾಕ ಬರಂಗಿಲ್ಲ. ಆದ್ರ ಟೊಳ್ಳು ಇರೋದಕ್ಕ ಹಗುರ, ಮೇಣ ಇರೋದಕ್ಕ ನೀರು ಹಿಡಿಯಂಗಿಲ್ಲ. ಸೀರಿ ಆಗಲಾರದ್ದು ತಲಿದಿಂಬು ಆತು ನೋಡ್ರಿ.

ನಮ್ಮ ಪುರಾಣದಾಗ ಇದರ ಹೆಸರು ಶಾಲ್ಮಲಿ. ಈ ಹೆಸರಿನ ಹಿಂದ ಹೋದ್ರ ಬಾಳ ಹಳೇ ಕಾಲಕ್ಕ ಹೋಗತೀವಿ. ಋಗ್ವೇದದ ಹತ್ತನೇ ಮಂಡಲದಾಗ ಮದುವಿ ಸೂಕ್ತ ಒಂದೈತಿ. ಅದರಾಗ ಸೂರ್ಯಾ ಅನ್ನೋ ಮದುಮಗಳು ಗಂಡನ ಮನಿಗೆ ಹೊಂಡೋ ರಥದ ವರ್ಣನಾದಾಗ ಮುತ್ತಲ ಮತ್ತ ಶಾಲ್ಮಲಿ ಎರಡರ ಹೆಸರೂ ಬರತಾವ. ಎರಡೂ ಕೆಂಪು ಹೂವಿನ ಗಿಡ, ಎರಡೂ ಒಂದ ಹಂಗಾಮಿಗೆ ಅರಳತಾವ. ಮದುಮಗಳ ರಥದಾಗ ಬೂರಲ! ಇದನ್ನ ಓದಿದಾಗ ನಮ್ಮವ್ವ ನನ್ನ ಮದುವಿಗೆ ಬಂಡಿ ಮ್ಯಾಲ ಕಟ್ಟಿ ಕಳಿಸಿದ ಐದು ದಿಂಬು ನೆನಪಾದ್ವು.

ಮಹಾಭಾರತದ ಶಾಂತಿಪರ್ವದಾಗ ಭೀಷ್ಮ ಧರ್ಮರಾಜಗ ಹೇಳೋ ಕತಿ ಇನ್ನೂ ಚಲೋ. ಹಿಮಾಲಯದಾಗ ಒಂದು ದೊಡ್ಡ ಶಾಲ್ಮಲಿ ಇತ್ತಂತ. ಯಾವ ಗಾಳಿಗೂ ಅದರ ಟೊಂಗಿ ಮುರದಿರಲಿಲ್ಲ. ನಾರದ ಬಂದು "ಗಾಳಿದೇವರು ನಿನ್ನ ಗೆಳೆಯ ಇರಬೇಕು, ಅದಕ್ಕ ನಿನ್ನ ಮುಟ್ಟಿಲ್ಲ" ಅಂತಾನ. ಗಿಡಕ್ಕ ಸೊಕ್ಕು. "ಗೆಳೆತನ ಎಲ್ಲೀದು, ಅವನ ಶಕ್ತಿ ನನ್ನ ಮುಂದ ನಡ್ಯಂಗಿಲ್ಲ" ಅಂತೈತಿ. ನಾರದ ಸುಮ್ಮನಿರತಾನೇನು? ಹೋಗಿ ವಾಯುಗ ಹೇಳತಾನ. ವಾಯು ಬಂದು "ನಾಳೆ ನನ್ನ ಶಕ್ತಿ ತೋರಸತೀನಿ" ಅಂತ ಹೇಳಿ ಹೋದ. ರಾತ್ರಿ ಎಲ್ಲಾ ವಿಚಾರ ಮಾಡಿದ ಗಿಡ ಹೆದರಿ, ತನ್ನ ಎಲಿ, ಹೂವು, ಟೊಂಗಿ ತಾನ ಉದುರಿಸಿಕೊಂಡು ನಿಂತಿತಂತ. ಮರುದಿನ ವಾಯು ಬಂದು ನಕ್ಕ: "ನಾ ಮಾಡೋದನ್ನ ನೀನ ಮಾಡಿಕೊಂಡಿಯಲ್ಲ!" ಬಲಿಷ್ಠರ ಜೋಡಿ ಹಗೆ ಕಟ್ಟಿಕೊಳ್ಳಬಾರದು ಅನ್ನೋದು ಭೀಷ್ಮನ ನೀತಿ. ನನಗ ಅನಸೋದು ಏನಂದ್ರ, ಆ ಕತಿ ಕಟ್ಟಿದವರು ಈ ಗಿಡಾನ ಹತ್ತರದಿಂದ ನೋಡಿದವರು. ಚಳಿಗಾಲದಾಗ ಬೋಳಾಗಿ ನಿಂತ ಬೂರಲ ನೋಡಿದ್ರ ಹಂಗ ಕಾಣತೈತಿ.

ಮದುಮಗಳ ರಥ ಒಂದು ಕಡೆ ಆದ್ರ, ಇನ್ನೊಂದು ಕಡೆ ನರಕ. ಯಮಲೋಕದಾಗ ಪಾಪಿಗಳನ್ನ ಮುಳ್ಳಿನ ಶಾಲ್ಮಲಿಗೆ ಹತ್ತಿಸಿ ಎಳೀತಾರಂತ ಪುರಾಣ ಹೇಳತಾವ. ಗಿಳಿ ಕತಿ ನಿಮಗೂ ಗೊತ್ತಿರಬೇಕು. ಕೆಂಪು ಹೂವು ನೋಡಿ, ಕಾಯಿ ಹಣ್ಣಾದ್ರ ಎಷ್ಟು ರುಚಿ ಇರತೈತೋ ಅಂತ ಗಿಳಿ ಕಾದು ಕುಂತಿತಂತ. ಕಾಯಿ ಒಡದಾಗ ಬಾಯಿಗೆ ಬಂದದ್ದು ಅರಳಿ. ತಮಿಳರೂ ಇದನ್ನ "ಬೂರಲ ಕಾದ ಗಿಳಿ" ಅನ್ನೋ ಅರ್ಥದಾಗ ಗಾದಿ ಮಾಡಿಕೊಂಡಾರ. ಪಾಪ, ಗಿಡದ್ದೇನು ತಪ್ಪು? ಹಣ್ಣು ಕೊಡತೀನಿ ಅಂತ ಅದು ಯಾರಿಗೂ ಹೇಳಿರಲಿಲ್ಲ. ನಮ್ಮ ಧಾರವಾಡದ ಸೋಮೇಶ್ವರ ಗುಡಿ ಹಂತ್ಯಾಕ ಹುಟ್ಟೋ ಶಾಲ್ಮಲಾ ಹೊಳಿ ಹೆಸರು ಕೇಳಿದಾಗೆಲ್ಲ ನನಗ ಈಗ ಈ ಗಿಡಾನ ಕಣ್ಣಮುಂದ ಬರತೈತಿ.

ಇನ್ನ ಬಜಾರದ ಮಾತು. ನಾವು ಬೂರಲ ಅಂತ ಕೊಳ್ಳೋದು ಎರಡು ಗಿಡದ್ದು. ಒಂದು ನಾ ಹೇಳಿದ ಕೆಂಪು ಹೂವಿನ, ನಮ್ಮ ಕಾಡಿನ ಬೂರಲ. ಇನ್ನೊಂದು ಬಿಳಿ ಬೂರಲ. ಅದರ ಬೊಡ್ಡಿ ಹಸರ, ಟೊಂಗಿ ಛತ್ರಿ ಕಡ್ಡಿ ಹಂಗ ಅಡ್ಡಡ್ಡ, ಹೂವು ಸಣ್ಣದು, ಹಾಲು ಬಣ್ಣದ್ದು. ಅದರ ತವರು ಅಮೆರಿಕಾ ಖಂಡದ ಬಿಸಿ ನಾಡು. ಹೆಸರಿನ ಗೊಂದಲ ನಮ್ಮದಷ್ಟ ಅಲ್ಲ. 1753ರಾಗ ಲಿನೇಯಸ್ ಅನ್ನೋ ಸ್ವೀಡನ್ನಿನ ಪಂಡಿತರು ನಮ್ಮ ಕೆಂಪು ಬೂರಲಕ್ಕ ಬಾಂಬ್ಯಾಕ್ಸ್ ಸೀಬಾ ಅಂತ ಹೆಸರಿಟ್ರು. ಸೀಬಾ ಅನ್ನೋದು ಆ ಅಮೆರಿಕಾದ ಗಿಡದ ಹೆಸರು! ಇವತ್ತಿಗೂ ಒಂದು ಬಾಂಬ್ಯಾಕ್ಸ್ ಸೀಬಾ, ಇನ್ನೊಂದು ಸೀಬಾ ಪೆಂಟಾಂಡ್ರಾ.

ವ್ಯಾಪಾರಕ್ಕ ಬಿಳಿ ಬೂರಲ ಅನುಕೂಲ. ಅದರ ಕಾಯಿ ಬಲಿತರೂ ಲಗೂನ ಒಡಿಯಂಗಿಲ್ಲ, ಹಂಗ ಇಳಿಸಿಕೊಳ್ಳಬಹುದು. ಕೆಂಪು ಬೂರಲ ಗಿಡದ ಮ್ಯಾಲ ಒಡದು ಹಾರಿಹೋಗತೈತಿ. ಡಚ್ಚರ ಕೈಯಾಗಿದ್ದ ಜಾವಾ ನಡುಗಡ್ಡಿ ಬಿಳಿ ಬೂರಲದ ದೊಡ್ಡ ಸಂತಿ ಆತು. ಅಲ್ಲಿಯ ಮಾತಿನಾಗ ಅದಕ್ಕ ಕಪೋಕ್ ಅಂತಾರ, ಜಗತ್ತೆಲ್ಲಾ ಅದ ಹೆಸರು ಹಿಡೀತು. ಗಾದಿ, ದಿಂಬು ಅಷ್ಟ ಅಲ್ಲ, ಹಡಗಿನವರು ನೀರಾಗ ಮುಳಗಲಾರದಂಗ ಹಾಕ್ಕೊಳ್ಳೋ ಅಂಗಿಗೂ ಇದನ್ನ ತುಂಬತಿದ್ರು. ಎರಡನೇ ಮಹಾಯುದ್ಧದಾಗ, 1942ರಾಗ, ಜಪಾನಿನವರು ಜಾವಾ ಹಿಡಕೊಂಡ್ರು. ಅಮೆರಿಕಾಕ್ಕ ಕಪೋಕ್ ಬರೋದು ನಿಂತಿತು. ಆಗ ಅವರು ಏನು ಮಾಡಿದ್ರು ಗೊತ್ತೇನು? ಸಾಲಿ ಹುಡುಗರ ಕೈಲೆ ಬಯಲಿನಾಗ ಬೆಳಿಯೋ ಮಿಲ್ಕ್‌ವೀಡ್ ಅನ್ನೋ ಗಿಡದ ಕಾಯಿ ಆರಿಸಿದ್ರು. ಎರಡು ಚೀಲ ಕಾಯಿ ತಂದ್ರ ಒಬ್ಬ ಸಿಪಾಯಿ ಜೀವ ಉಳೀತೈತಿ ಅಂತ ಹುಡುಗರಿಗೆ ಹೇಳತಿದ್ರಂತ. ಆ ಮಿಲ್ಕ್‌ವೀಡ್ ನಮ್ಮ ಎಕ್ಕಿ ಗಿಡದ ಸಂಬಂಧಿ. ನಾವು ಹನಮಪ್ಪಗ ಏರಸೋ ಎಕ್ಕಿ ಎಲಿ ಐತಲ್ಲ, ಅದರ ಕಾಯಾಗ ಬರೋ ರೇಶಿಮಿಯಂಥ ಎಳಿ ನೆನಪು ಮಾಡಿಕೊಳ್ರಿ, ಅಂಥಾದ್ದ ಅದು.

ನಮ್ಮವ್ವನ ಕಾಲದಾಗ ನಮ್ಮ ಮನಿಗೆ ಬಜಾರದ ಗರಜ ಇರಲಿಲ್ಲ. ಕಾಯಿ ಒಡಿಯೋಕ ಮೊದಲ ಆಳಿನ ಕೈಲೆ ಉದ್ದನ್ನ ಗಳಾ ಹಿಡಿಸಿ ಇಳಿಸತಿದ್ಲು. ಬುಟ್ಯಾಗ ಹಾಕಿ, ಮ್ಯಾಲ ಹಳೇ ಸೀರಿ ಬಿಗಿದು ಬಿಸಲಿಗೆ ಇಡತಿದ್ಲು. ಕಾಯಿ ಒಳಗೊಳಗ ಒಡದು ಸೀರಿ ಉಬ್ಬತಿತ್ತು. ಆಮ್ಯಾಲ ಒಳಗಿನ ಖೋಲಿ ಬಾಗಲಾ ಹಾಕ್ಕೊಂಡು, ಮೂಗು–ಬಾಯಿಗೆ ಸೆರಗು ಕಟ್ಟಿಕೊಂಡು, ದೊಡ್ಡ ಗಡಗ್ಯಾಗ ಅರಳಿ ಹಾಕಿ ಕಡಗೋಲಿಂದ ಮಜ್ಜಿಗಿ ಕಡದಂಗ ತಿರುವತಿದ್ಲು. ಬೀಜ ಎಲ್ಲಾ ತಳಕ್ಕ. ಖೋಲಿಯಿಂದ ಹೊರಗ ಬಂದಾಗ ಅಕಿ ಹುಬ್ಬು, ರೆಪ್ಪಿ ಎಲ್ಲಾ ಬೆಳ್ಳಗ. ನಾವು "ಅವ್ವ ಮುದುಕಿ ಆದ್ಲು" ಅಂತ ನಗತಿದ್ವಿ.

ಹತ್ತಿ ಗಾದಿಗೆ ಮಾತ್ರ ಪಿಂಜಾರರು ಬರತಿದ್ರು. ಹೆಗಲ ಮ್ಯಾಲ ಬಿಲ್ಲು, ಕೈಯಾಗ ಕಟ್ಟಿಗಿ ಬಡಿಗಿ. ಆ ನರದ ಹುರಿ ಟುಂಯ್ ಟುಂಯ್ ಅಂತ ನುಡದ್ರ ಓಣಿ ಹುಡುಗರೆಲ್ಲಾ ಓಡಿ ಬರತಿದ್ವಿ. ಅವರಿಗೆ ನದಾಫರು ಅಂತಾನೂ ಅಂತಾರ. ಅರಬ್ಬಿ ಮಾತಿನಾಗ ನದ್ದಾಫ್ ಅಂದ್ರ ಹತ್ತಿ ಹಿಂಜಾವ. ಬೂರಲ ಮಾತ್ರ ಅವರು ಬಿಲ್ಲಿಗೆ ಹಚ್ಚತಿರಲಿಲ್ಲ. "ಇದು ಗಾಳಿಗುಣದ್ದು ಅವ್ವಾರ, ಬಿಲ್ಲಿಗೆ ನಿಲ್ಲಂಗಿಲ್ಲ, ನಿಮ್ಮ ಕೈಲೆನ ಆಗಬೇಕು" ಅಂತಿದ್ರು. ಅಂದ್ರ ಹತ್ತಿ ಗಾದಿ ಅವರ ಕೆಲಸ, ಬೂರಲ ದಿಂಬು ಮನಿ ಹೆಣ್ಣಮಕ್ಕಳ ಕೆಲಸ. ಎಷ್ಟೋ ಇತಿಹಾಸದ ಪುಸ್ತಕದಾಗ ಬೂರಲದ ಕಟ್ಟಿಗಿ ಲೆಕ್ಕ ಸಿಗತೈತಿ, ಈ ಕಡಗೋಲಿನ ಲೆಕ್ಕ ಸಿಗಂಗಿಲ್ಲ. ಅದಕ್ಕ ನಾ ಇಲ್ಲೆ ಬರದಿಟ್ಟೀನಿ.

ಕಟ್ಟಿಗಿ ಲೆಕ್ಕಾನೂ ಹೇಳತೀನಿ, ಯಾಕಂದ್ರ ನಮ್ಮ ಗಿಡ ಹೋದದ್ದ ಅದರಾಗ. ಬೂರಲ ಕಟ್ಟಿಗಿ ಹಗುರ, ಮೆತ್ತಗ. ಬಾಗಲಾ, ತೊಲಿಗೆ ಬರಂಗಿಲ್ಲ, ಲಗೂ ಹುಳಾ ಹತ್ತತೈತಿ. ಆದ್ರ ನೀರಾಗ ಇದ್ರ ಬಾಳಿಕಿ ಬರತೈತಿ. ಅದಕ್ಕ ಹಿಂದಕ ಬಾವಿ ತಳದ ಚೌಕಟ್ಟಿಗೆ ಹಾಕತಿದ್ರು, ಬೊಡ್ಡಿ ಕೊರದು ದೋಣಿ ಮಾಡತಿದ್ರು. 1920ರ ದಶಕದಾಗ ನಮ್ಮ ದೇಶದಾಗ ಕಡ್ಡಿಪೆಟ್ಟಿಗಿ ಕಾರ್ಖಾನಿ ಎದ್ದವು. ಸ್ವೀಡನ್ನಿನ ಕಂಪನಿಯವರು 1923ರಾಗ ವಿಮ್ಕೋ ಶುರು ಮಾಡಿದ್ರು. ಆ ಕಡೆ ಶಿವಕಾಶಿಯಾಗ ಊರಿನವರು ತಾವ ಕೆಲಸ ಕಲತು ಬಂದು ಹೂಡಿದ್ರು. ಕಡ್ಡಿಗೆ ಬೇಕಾದದ್ದು ಇಂಥ ಹಗುರ, ಬೆಳ್ಳನ್ನ, ಸಟ್ಟನ ಹತ್ತೋ ಕಟ್ಟಿಗಿ. ಬೂರಲ ಅಲ್ಲಿಗೆ ಹೋತು. ಪ್ಲೈವುಡ್ಡಿಗೆ ಹೋತು, ಹಣ್ಣಿನ ಪೆಟ್ಟಿಗಿಗೆ ಹೋತು. ರಾಜಸ್ಥಾನದ ಉದಯಪುರದ ಸುತ್ತ ಹೋಳಿಯ ಕಂಬಕ್ಕ ಇದನ್ನ ಕಡದು ನಿಲ್ಲಸತಾರ, ಅಲ್ಲಿ ಅದರಿಂದಾನೂ ಗಿಡ ಕಡಿಮಿ ಆಗ್ಯಾವ.

ಅರಳಿಯ ಬೆಲಿ ಬಿದ್ದದ್ದು ಬ್ಯಾರೆ ಕಡೆಯಿಂದ. 1929ರಾಗ ಡನ್‌ಲಪ್ ಕಂಪನಿಯವರು ರಬ್ಬರ್ ಹಾಲಿನಿಂದ ಮೆತ್ತನ್ನ ಫೋಮ್ ಮಾಡಿದ್ರು. 1937ರಾಗ ಜರ್ಮನಿಯಾಗ ಒಟ್ಟೊ ಬೇಯರ್ ಮತ್ತ ಅವರ ಜೋಡಿಯವರು ಪಾಲಿಯುರೆಥೇನ್ ಕಂಡುಹಿಡಿದ್ರು, ಮುಂದ 1950ರ ದಶಕದಾಗ ಅದರ ಮೆತ್ತನ್ನ ಫೋಮ್ ಬಜಾರಕ್ಕ ಬಂತು. ನಮ್ಮ ಓಣಿಗೆ ಅದು ಬರಾಕ ಇನ್ನೂ ಎಷ್ಟೋ ವರ್ಷ ಬೇಕಾದ್ವು, ಆದ್ರ ಬಂದ ಮ್ಯಾಲ ಪಿಂಜಾರರ ಬಿಲ್ಲಿನ ಸಪ್ಪಳ ನಿಂತಿತು. ಅರಳಿ ಯಾರಿಗೂ ಬ್ಯಾಡಾದ ಮ್ಯಾಲ, ಗಿಡಕ್ಕ ಉಳದದ್ದು ಕಟ್ಟಿಗಿ ಬೆಲಿ ಅಷ್ಟ. ನಿಂತ ಗಿಡಕ್ಕ ಬೆಲಿ ಇಲ್ಲ, ಬಿದ್ದ ಗಿಡಕ್ಕ ಬೆಲಿ.

ಈಗ ನನ್ನ ಪಾಲಿನ ತಪ್ಪು ಹೇಳತೀನಿ. ಅವ್ವ ಕೊಟ್ಟ ಐದು ದಿಂಬು ನಮ್ಮ ಮನ್ಯಾಗ ಇಪ್ಪತ್ತು ವರ್ಷದ ಮ್ಯಾಲ ಇದ್ವು. ಗಂಟು ಕಟ್ಟಿದ್ವು, ಅರಿವಿ ಹಳದಿ ಆಗಿತ್ತು. ಮನಿಗೆ ಬಣ್ಣ ಹಚ್ಚಿಸಿದ ವರ್ಷ ದೀಪಾವಳಿ ಸ್ವಚ್ಛ ಮಾಡೋ ಮುಂದ ಹೊಸಾ ಫೋಮಿನ ದಿಂಬು ತಂದು, ಹಳೇವು ಐದೂ ಹೊರಗ ಹಾಕಿದೆ. ನಮ್ಮ ಅತ್ತಿ ಅವತ್ತು ಅಂದಿದ್ರು, "ಬಿಸಲಿಗೆ ಹಾಕಿ ಝಾಡಿಸಿದ್ರ ಮತ್ತ ಉಬ್ಬತಿದ್ವು, ಲಗೂ ಮಾಡಿದಿ" ಅಂತ. ನನಗ ಆಗ ಕೇಳಸಲಿಲ್ಲ. ನಾನೂ ಸುಮ್ಮನ ಶಾಲ್ಮಲಿ ಹಂಗ, ಯಾರೂ ಕೇಳೋಕ ಮೊದಲ ನಂದೆಲ್ಲಾ ನಾನ ಉದುರಿಸಿಕೊಂಡಿದ್ದೆ.

ಗಿಡದ ಕತಿ ಇನ್ನೊಂದು. ಅಣ್ಣನ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಮನ್ಯಾಗ ರೊಕ್ಕ ಇರಲಿಲ್ಲ. ಆ ವರ್ಷ ಮಳಿ ಸೈತ ಕೈಕೊಟ್ಟಿತ್ತು. ಕಟ್ಟಿಗಿ ವ್ಯಾಪಾರಿ ಬಂದಾಗ ಅಣ್ಣ ಒಡ್ಡಿನ ಮ್ಯಾಲಿನ ಬೂರಲ, ಅದರ ಜೋಡಿ ಇದ್ದ ಇನ್ನೊಂದಿಷ್ಟು ಗಿಡ ಮಾರಿ, ಮ್ಯಾಲ ಸಾಲ ಮಾಡಿ ಮೊದಲನೇ ವರ್ಷದ ಫೀ ತುಂಬಿದ. ಅವ್ವ ಆಗ ಇದ್ಲು. ಒಂದ ಮಾತು ಅಂದ್ಲು: "ಹೋಗಲಿ ಬಿಡು, ಗಿಡಾನ ಕೂಸಿನ ತಲಿದಿಂಬಾತು." ಆ ದಿನ ಅಕಿ ಹೊಲಕ್ಕ ಹೋಗಲಿಲ್ಲ. ಅಣ್ಣ ಇದನ್ನ ಮಗಳಿಗೆ ಹೇಳಬ್ಯಾಡ ಅಂದಿದ್ದ. ಇಷ್ಟು ವರ್ಷ ಹೇಳಿರಲಿಲ್ಲ. ಅಕಿ ಓದಿ ದೊಡ್ಡಾಕಿ ಆಗಿ, ಪರದೇಶದಾಗ ನಿಂತು, ಹಾರೋ ಹತ್ತಿ ನೋಡಿ ಆ ಗಿಡಾನ ನೆನಸಿದ ಮ್ಯಾಲ ಮುಚ್ಚಿಡೋದು ನನಗ ಸರಿ ಕಾಣಲಿಲ್ಲ. ಅಣ್ಣ ಬೈದ್ರ ಬೈಲಿ. ತಂಗೀ, ನೀ ಇದನ್ನ ಓದತೀದಿ ಅಂತ ಗೊತ್ತು. ಇದರಾಗ ನಿಂದೇನೂ ತಪ್ಪಿಲ್ಲ, ನಿಮ್ಮಪ್ಪಂದೂ ತಪ್ಪಿಲ್ಲ. ಆದ್ರ ಲೆಕ್ಕ ಗೊತ್ತಿರಲಿ.

ಈ ವರ್ಷ ಚೈತ್ರದಾಗ ನಾನು ದಿಂಬಿನ ಸಲುವಾಗಿ ಹೊಂಟೆ. ಮೊದಲ ಗಾದಿ ಅಂಗಡಿಗೆ ಹೋದೆ. ಅಲ್ಲೆ ಬರೇ ಫೈಬರ್. ವಯಸ್ಸಾದ ಒಬ್ಬರು ಚಾಚಾ ಕುಂತಿದ್ರು. "ಬೂರಲ ಕೇಳಾವ್ರು ಬಂದು ಬಾಳ ವರ್ಷ ಆತು ಅಕ್ಕಾರ. ನಮ್ಮಪ್ಪನ ಬಿಲ್ಲು ಅಟ್ಟದ ಮ್ಯಾಲ ಐತಿ" ಅಂದ್ರು. ಕಾಯಿ ಎಲ್ಲಿ ಸಿಗತಾವ ಅಂತ ಅವರ ಹೇಳಿದ್ರು, ಊರ ಹೊರಗಿನ ಕೆರಿ ದಂಡಿಗೆ ಇನ್ನೂ ಎರಡು ಗಿಡ ಅದಾವ ಅಂತ. ನಾನು, ನಮ್ಮ ವೈನಿ, ಎದುರ ಮನಿ ಹುಡುಗ, ಮೂವರು ಕೂಡಿ ಮೂರು ಮುಂಜಾನಿ ಹೋಗಿ ಎರಡು ಗೋಣಿಚೀಲ ಕಾಯಿ ತಂದ್ವಿ.

ಮಾಡೋರಿಗೆ ಉಪಯೋಗ ಆಗಲಿ ಅಂತ ಬರೀತೀನಿ. ಕಾಯಿ ಕಂದು ಆಗಿರಬೇಕು, ಒಡದಿರಬಾರದು. ಹಸರು ಕಾಯಿ ಬ್ಯಾಡ, ಅರಳಿ ಹಸೀ ಇದ್ದು ಬೂಸ್ಟ ಹಿಡೀತೈತಿ. ಬುಟ್ಯಾಗ ಹಾಕಿ, ಮ್ಯಾಲ ಸೊಳ್ಳಿಪರದಿ ಅರಿವಿ ಬಿಗಿದು ನಾಕೈದು ಬಿಸಲು ಕೊಡ್ರಿ. ಬಿಡಿಸೋ ಮುಂದ ಫ್ಯಾನು ಬಂದ್ ಇರಲಿ, ಮೂಗಿಗೆ ಅರಿವಿ ಇರಲಿ. ದಮ್ಮು ಇದ್ದವರು ಈ ಕೆಲಸಕ್ಕ ಕೂಡಬ್ಯಾಡ್ರಿ. ಹತ್ತರ ದೀಪ, ಒಲಿ, ಊದಿನಕಡ್ಡಿ ಇರಲೇಬಾರದು, ಬೂರಲ ಭಗ್ ಅಂತ ಹತ್ತತೈತಿ. ಒಳಚೀಲಕ್ಕ ಒತ್ತಾಗಿ ನೇದ ದಪ್ಪ ಅರಿವಿನ ಬೇಕು, ತೆಳ್ಳಂದು ಇದ್ರ ಎಳಿ ಹೊರಗ ಬರತಾವ. ಹೊಲಿಗಿ ಎರಡು ಸುತ್ತು ಹಾಕ್ರಿ. ನನ್ನ ದಿಂಬಿಗೆ ಸುಮಾರು ಮುಕ್ಕಾಲು ಕಿಲೋ ಹಿಡೀತು. ಬಿಗಿಯಾಗಿ ತುಂಬಬ್ಯಾಡ್ರಿ. ಆಮ್ಯಾಲ ಎಂದೂ ತೊಳಿಬಾರದು, ಮ್ಯಾಲಿನ ಗೌಸಣಿಗಿ ಅಷ್ಟ ತೊಳಿರಿ. ತಿಂಗಳಿಗೊಮ್ಮೆ ಬಿಸಲಿಗೆ ಹಾಕಿ ಕೈಲೆ ಬಡದ್ರ ಮತ್ತ ಉಬ್ಬತೈತಿ. ನಮ್ಮ ಅತ್ತಿ ಹೇಳಿದ್ದು ಖರೇನ ಇತ್ತು.

ಇದರ ಮೊಗ್ಗು ಅಡಗಿಗೂ ಬರತೈತಿ ಅನ್ನೋದು ಎಷ್ಟು ಮಂದಿಗೆ ಗೊತ್ತು? ಬೆಂಗಳೂರು, ಮೈಸೂರು ಕಡೆಯವರು ಬಿಸಿಬ್ಯಾಳಿಭಾತಿನ ಪುಡಿಗೆ ಹಾಕೋ ಮರಾಠಿ ಮೊಗ್ಗು ಬೂರಲ ಜಾತಿಯ ಗಿಡದ್ದ. ಉತ್ತರ ಹಿಂದೂಸ್ತಾನದಾಗ ಎಳೀ ಮೊಗ್ಗಿನ ಪಲ್ಲೆ ಮಾಡತಾರ. ಥಾಯ್ಲೆಂಡಿನ ಉತ್ತರಕ್ಕ ಒಣಗಿಸಿದ ಕೇಸರ ಸಾರಿಗೆ ಹಾಕತಾರ. ಗಿಡದ ಅಂಟಿಗೆ ಆಯುರ್ವೇದದಾಗ ಮೋಚರಸ ಅಂತಾರ, ಹೊಟ್ಟಿ ಕಟ್ಟೋ ಔಷಧದಾಗ ಹಾಕತಾರ, ಅದು ವೈದ್ಯರ ಕೈಯಾಗ ಇರಲಿ. ಮರಾಠಿ ಮೊಗ್ಗಿನ ಡಬ್ಬಿ ತಗದಾಗ ಇನ್ನಮ್ಯಾಲ ನೀವೂ ಈ ಗಿಡಾನ ನೆನಸರಿ.

ಒಟ್ಟು ಮೂರು ದಿಂಬಾದ್ವು. ಒಂದು ಅಣ್ಣನ ಮನಿಗೆ ಕೊಟ್ಟೆ. ಅಣ್ಣ ಮಾತಾಡಲಿಲ್ಲ, ಮೂಸಿ ನೋಡಿ ತಲಿಗಿಟ್ಟುಕೊಂಡು ಮಲಕೊಂಡ. ಒಂದು ನನ್ನ ಹಾಸಿಗಿ ಮ್ಯಾಲ ಐತಿ. ಮೂರನೇದು ಅಣ್ಣನ ಮಗಳ ಹೆಸರಿಂದ ಕಪಾಟಿನಾಗ ಐತಿ.

ತಳದಾಗ ಉಳದ ಕರೀ ಬೀಜ ಚೆಲ್ಲಲಿಲ್ಲ. ಬೂರಲ ಬೀಜ ಬಾಳ ದಿನ ಇಟ್ರ ಹುಟ್ಟಂಗಿಲ್ಲ, ಅದಕ್ಕ ಮೊದಲನೇ ಮಳಿಗೇನ ಹಾಲಿನ ಪಾಕೀಟಿನಾಗ ಮಣ್ಣು ತುಂಬಿ ಹಾಕಿದೆ. ಹನ್ನೊಂದು ಸಸಿ ಎದ್ದಾವ. ಮನಿ ಗ್ವಾಡಿ ಹತ್ತರ ಇದನ್ನ ಹಚ್ಚಬಾರದು, ಬೇರು ಹಬ್ಬತಾವ, ಟೊಂಗಿ ಗಾಳಿಗೆ ಮುರೀತಾವ. ಹೊಲದ ಒಡ್ಡು, ಕೆರಿ ದಂಡಿ, ಗುಡಿ ಹಿಂದಿನ ಬಯಲು ಚಲೋ. ಎರಡು ಸಸಿ ಅಣ್ಣ ಒಯ್ದು ಅದ ಒಡ್ಡಿನ ಮ್ಯಾಲ ಹಚ್ಚ್ಯಾನ. ಉಳದ ಒಂಬತ್ತು ನಮ್ಮ ಹಿತ್ತಲದಾಗ ಅದಾವ. ಜಾಗ ಇದ್ದವರು ಬಂದು ಒಯ್ಯಿರಿ. ಬರೋ ಮುಂದ ಹಳೇ ಬೂರಲ ದಿಂಬು ನಿಮ್ಮ ಅಟ್ಟದ ಮ್ಯಾಲ ಐತೋ ಏನೋ ಒಮ್ಮೆ ನೋಡಿ ಬರ್ರಿ, ಇದ್ರ ಹೊರಗ ಹಾಕಬ್ಯಾಡ್ರಿ. ಬಿಸಲಿಗೆ ಹಾಕ್ರಿ.